ಹತ್ತು ರೂಪಾಯಿ ಹಾಕಲು ನಾಚಬೇಡಿ, ಅಕ್ಕ

ಹೊಲಿಗೆ ಕೆಲಸ ಕಡಿಮೆಯಾಗಿ ಕಾಣಿಕೆಗೆ ಹತ್ತು ರೂಪಾಯಿ ಮಾತ್ರ ಉಳಿಯುತ್ತದೆ, ಚೀಲ ಹತ್ತಿರ ಬಂದಾಗ ತಲೆ ಎತ್ತಲಾಗುವುದಿಲ್ಲ, ಇದನ್ನು ದೇವರು ಸ್ವೀಕರಿಸುತ್ತಾನೆಯೇ ಎಂದು ಬೆಟಗೇರಿಯಿಂದ ಕೇಳಿದ್ದೀರಿ. ಖಂಡಿತ ಸ್ವೀಕರಿಸುತ್ತಾನೆ, ಅಕ್ಕ.

ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಬಡ ವಿಧವೆಯೊಬ್ಬಳು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕುತ್ತಾಳೆ, ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳೇ ಎನ್ನುತ್ತಾನೆ ಯೇಸು. ಆ ಎರಡು ಕಾಸು ಸೇರಿದರೂ ಕೂಲಿಯವನ ಒಂದು ದಿನದ ದುಡಿಮೆಯ 64ರಲ್ಲಿ ಒಂದು ಪಾಲು ಅಷ್ಟೇ. ಆ ಕಥೆಯ ಹಿಂದಿನ ವಚನವನ್ನೂ ಓದಿ. ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ, ಅಂದರೆ ಅಂದಿನ ಯೆಹೂದಿ ಧರ್ಮಶಾಸ್ತ್ರ ಬೋಧಕರ, ವಿಷಯದಲ್ಲಿ ಯೇಸು ಅಲ್ಲಿ ಎಚ್ಚರಿಸುತ್ತಾನೆ. ಆ ಕಥೆಯನ್ನು ತೋರಿಸಿ ಬಡವರಿಂದ ಇನ್ನಷ್ಟು ಕೇಳುವ ಹಕ್ಕು ಯಾರಿಗೂ ಇಲ್ಲ. ಸಾಲ ಮಾಡಿ ಕಾಣಿಕೆ ಹಾಕಬೇಡಿ.

ನನಗೆ ಇನ್ನೂ ಹತ್ತಿರವಾದದ್ದು ಲೂಕನ ಸುವಾರ್ತೆಯ 2ನೆಯ ಅಧ್ಯಾಯ. ಹೆರಿಗೆಯ ನಂತರದ ಕಾಣಿಕೆಗೆ ಕುರಿ ತರಲಾಗದ ತಾಯಿ ಎರಡು ಬೆಳವಕ್ಕಿಗಳನ್ನೋ ಎರಡು ಪಾರಿವಾಳದ ಮರಿಗಳನ್ನೋ ತಂದರೆ ಸಾಕು ಎನ್ನುತ್ತದೆ ಹಳೆಯ ಒಡಂಬಡಿಕೆಯ ನಿಯಮಗಳ ಪುಸ್ತಕವಾದ ಯಾಜಕಕಾಂಡ. ಮರಿಯಳೂ ಯೋಸೇಫನೂ ಮಗು ಯೇಸುವನ್ನು ಎತ್ತಿಕೊಂಡು ದೇವಾಲಯಕ್ಕೆ ಹೋದಾಗ ಅರ್ಪಿಸಿದ್ದು ಆ ಬಡವರ ಕಾಣಿಕೆಯನ್ನೇ.

ಹುಬ್ಬಳ್ಳಿಯ ನಮ್ಮ ಸಭೆಯ ಸುಗ್ಗಿ ಹಬ್ಬಕ್ಕೆ, ಮಳೆ ಕೈಕೊಟ್ಟ ಒಂದು ವರ್ಷ, ನಮ್ಮ ಅಜ್ಜಿ ಸೆರಗಿನ ತುದಿಯಲ್ಲಿ ಎರಡು ಹಿಡಿ ಜೋಳ ಕಟ್ಟಿಕೊಂಡು ಬಂದಿದ್ದಳು. ಗಂಟು ಬಿಚ್ಚುವಾಗ ಅವಳ ಬೆರಳುಗಳು ನಡುಗುತ್ತಿದ್ದವು. ಸಭಾಪಾಲಕರು ಬೊಗಸೆಯೊಡ್ಡಿ ಅದನ್ನು ತೆಗೆದುಕೊಂಡರು, ಒಂದು ಕಾಳೂ ಕೆಳಗೆ ಬೀಳಲಿಲ್ಲ. ಬಾಳೆಗೊನೆ, ತೆಂಗಿನಕಾಯಿಗಳ ಮುಂದೆ, ಎಲ್ಲರಿಗೂ ಕಾಣುವಲ್ಲಿ ಇಟ್ಟರು.

ನಿಮ್ಮ ಕೈಕಸುಬೂ ಕಾಣಿಕೆಯೇ. ಸಭೆಯ ಮೇಜಿನ ಬಟ್ಟೆಯ ಅಂಚು ಬಿಚ್ಚಿದ್ದರೆ ಹೊಲಿದುಕೊಡಿ. ಈ ಭಾನುವಾರ ಆ ನೋಟನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳದೆ ಹಾಕಿ ಬನ್ನಿ.