ಎಂಓಟಿ: ಸೀಟು ಹಿಡಿಯುವುದು, ಥೀಸಿಸ್ ಮುಗಿಸುವುದು

ಪ್ರಶ್ನೆ: ಮೇಡಂ, ನಾನು ಆಕ್ಯುಪೇಷನಲ್ ಥೆರಪಿಯಲ್ಲಿ (ರೋಗಿ ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳುವಂತೆ ಮಾಡುವ ಚಿಕಿತ್ಸೆ) ಡಿಗ್ರಿ, ಅಂದರೆ ಬಿಓಟಿ ಮುಗಿಸಿ ಮೂರು ವರ್ಷ ಆಯಿತು. ದಾವಣಗೆರೆಯಲ್ಲಿ ಮಕ್ಕಳ ಥೆರಪಿ ಸೆಂಟರ್ ಒಂದರಲ್ಲಿ ಕೆಲಸ. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳೇ ಜಾಸ್ತಿ. ಈಗ ಎಂಓಟಿ, ಅಂದರೆ ಅದರಲ್ಲೇ ಮಾಸ್ಟರ್ಸ್ ಮಾಡುವ ಆಸೆ. ಒಂದು ಕಾಲೇಜಿನಲ್ಲಿ ಪೀಡಿಯಾಟ್ರಿಕ್ಸ್ ಸಿಗುತ್ತದೆ, ಆದರೆ ಅಲ್ಲಿನ ಆಸ್ಪತ್ರೆ ಚಿಕ್ಕದು. ಇನ್ನೊಂದರಲ್ಲಿ ಆಸ್ಪತ್ರೆ ದೊಡ್ಡದು, ಆದರೆ ನ್ಯೂರೋ (ಮೆದುಳು, ನರಗಳ ಸಮಸ್ಯೆ) ಸೀಟು ಮಾತ್ರ ಇದೆಯಂತೆ. ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಮಾಡಬಾರದೇ ಅಂತ ಅಪ್ಪ ಕೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಅಪ್ಪನ ಪ್ರಶ್ನೆ ಮುಗಿಸೋಣ. ಆಗುವುದಿಲ್ಲ. ನಮ್ಮ ವೃತ್ತಿ 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯೊಳಗೆ ಬರುತ್ತದೆ. ಆ ಕಾಯ್ದೆಯೊಳಗಿನ ಕೋರ್ಸ್‌ಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನಡೆಸಬಾರದು ಅಂತ ಯುಜಿಸಿ 2025ರಲ್ಲಿ ಹೇಳಿಬಿಟ್ಟಿದೆ. ಮನೆಯಲ್ಲೇ ಕೂತು ಎಂಓಟಿ ಮಾಡಿಸುತ್ತೇವೆ ಅಂತ ಯಾರಾದರೂ ಫೋನ್ ಮಾಡಿದರೆ ದುಡ್ಡು ಕಟ್ಟಬೇಡಿ. ಎರಡು ವರ್ಷ ಹೋಗಿಯೇ ಓದಬೇಕು.

ಇನ್ನು ಕಾಲೇಜಿನ ಮಾತು. ಸರ್ಟಿಫಿಕೇಟಿನಲ್ಲಿ ಯಾವ ಸ್ಪೆಷಾಲಿಟಿಯ ಹೆಸರು ಬರುತ್ತದೆ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಅಲ್ಲಿಗೆ ಬರುವ ರೋಗಿಗಳು ಯಾರು, ಎಷ್ಟು ದಿನ ಬರುತ್ತಾರೆ ಅಂತ ಕೇಳುವವರು ಕಡಿಮೆ. ನೀವು ಕಲಿಯುವುದು ಅವರಿಂದ. ಒಂದು ಸೋಮವಾರ ರಜೆ ಹಾಕಿ, ಬೆಳಿಗ್ಗೆಯೇ ಆ ಕಾಲೇಜಿನ ಡಿಪಾರ್ಟ್‌ಮೆಂಟಿನ ಹೊರಗಿನ ಬೆಂಚಿನ ಮೇಲೆ ಸುಮ್ನೆ ಕೂತುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಎಷ್ಟು ಜನ ಬಂದರು ನೋಡಿ. ಕೈಕಾಲಿಗೆ ಆಸರೆ ಕೊಡುವ ಸ್ಪ್ಲಿಂಟ್ ಮಾಡುವ ಕೋಣೆಯಲ್ಲಿ ಅದಕ್ಕೆ ಬೇಕಾದ ಥರ್ಮೋಪ್ಲಾಸ್ಟಿಕ್ ಶೀಟ್ ಇದೆಯೋ, ಬಾಗಿಲಿಗೆ ಬೀಗ ಇದೆಯೋ ಗಮನಿಸಿ. ಎರಡನೇ ವರ್ಷದ ಪಿಜಿಗಳು ಸಿಕ್ಕರೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ. ಕಳೆದ ಬ್ಯಾಚಿನಲ್ಲಿ ಎಷ್ಟು ಮಂದಿ ಟೈಮಿಗೆ ಸರಿಯಾಗಿ ಥೀಸಿಸ್ ಕೊಟ್ಟರು, ಒಬ್ಬ ಗೈಡ್ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು, ಗೈಡ್ ವಾರಕ್ಕೆ ಒಂದು ಸಲವಾದರೂ ಕೂತು ಮಾತಾಡುತ್ತಾರಾ ಅಂತ ಕೇಳಿ. ಕಾಲೇಜಿನ ಬ್ರೋಷರಿನಲ್ಲಿ ಇದ್ಯಾವುದೂ ಇರುವುದಿಲ್ಲ, ಅಲ್ವಾ?

ನನ್ನನ್ನು ಕೇಳಿದರೆ ದೊಡ್ಡ ಆಸ್ಪತ್ರೆ, ನ್ಯೂರೋ ಸೀಟು. ಮಕ್ಕಳ ಜೊತೆ ನಿಮ್ಮ ಕೈ ಆಗಲೇ ಮೂರು ವರ್ಷ ಪಳಗಿದೆ. ಸೆರೆಬ್ರಲ್ ಪಾಲ್ಸಿಯೂ ಮೆದುಳಿನದೇ ಸಮಸ್ಯೆ, ಹಾಗಾಗಿ ನ್ಯೂರೋದಲ್ಲಿ ಕಲಿತದ್ದು ಆ ಮಕ್ಕಳಿಗೂ ಆಗಿಬರುತ್ತದೆ. ಲಕ್ವ ಹೊಡೆದವರು, ತಲೆಗೆ ಪೆಟ್ಟು ಬಿದ್ದವರು ನಿಮಗೆ ಹೊಸಬರು. ನಾಳೆ ಊರಿಗೆ ವಾಪಸ್ ಬಂದು ಸ್ವಂತ ಕ್ಲಿನಿಕ್ ಹಾಕಿದರೆ ಬಾಗಿಲಿಗೆ ಬರುವವರಲ್ಲಿ ಇವರೂ ಇರುತ್ತಾರೆ. ಆದರೆ ಆ ಚಿಕ್ಕ ಆಸ್ಪತ್ರೆಗೆ ಅದೇ ಮಕ್ಕಳು ವರ್ಷಗಟ್ಟಲೆ ಬರುತ್ತಿದ್ದಾರೆ, ಗೈಡ್ ಆ ವಿಷಯದಲ್ಲಿ ಪಳಗಿದವರು ಅಂತ ಗೊತ್ತಾದರೆ ನನ್ನ ಮಾತು ಬಿಟ್ಟುಬಿಡಿ.

ಈ ಎರಡೇ ಅಂತ ಕಟ್ಟಿಕೊಳ್ಳಬೇಡಿ. ಮಣಿಪಾಲದಲ್ಲಿ ಎಂಓಟಿ ಇದೆ. ಒಡಿಶಾದ ಕಟಕ್ ಹತ್ತಿರದ ಓಲತ್‌ಪುರ, ಕೋಲ್ಕತ್ತ ಇಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲೂ ಇದೆ. ಸರ್ಕಾರದ್ದು ಅಂದಮೇಲೆ ಖಾಸಗಿಯಷ್ಟು ಫೀಸ್ ಇಲ್ಲ. ಆದರೆ ಅಲ್ಲಿನ ರೋಗಿ ಒಡಿಯಾ, ಬಂಗಾಳಿ ಮಾತಾಡುತ್ತಾನೆ. 'ಮನೆಯಲ್ಲಿ ಬಚ್ಚಲು ಎಲ್ಲಿದೆ, ಎಷ್ಟು ಮೆಟ್ಟಿಲು ಇಳಿಯಬೇಕು' ಅಂತ ಕೇಳಿ ತಿಳಿದುಕೊಳ್ಳುವುದೇ ನಮ್ಮ ಅರ್ಧ ಕೆಲಸ. ಆರು ತಿಂಗಳು ಭಾಷೆಗೆ ಒದ್ದಾಡುವ ತಯಾರಿ ಇದ್ದರೆ ಹೋಗಿ.

ವಿದೇಶದ ಯೋಚನೆ ಒಂದಿಷ್ಟಾದರೂ ಇದ್ದರೆ ಈಗಲೇ ಒಂದು ಕಾಗದ ಹುಡುಕಿಡಿ. ನೀವು ಓದಿದ ವರ್ಷಗಳಲ್ಲಿ ನಿಮ್ಮ ಬಿಓಟಿಗೆ ವಿಶ್ವ ಒಕ್ಕೂಟದ, ಅಂದರೆ ಡಬ್ಲ್ಯುಎಫ್‌ಓಟಿಯ ಮಾನ್ಯತೆ ಇತ್ತೇ? ಆ ಒಕ್ಕೂಟ ಕನಿಷ್ಠ 1000 ಗಂಟೆಯ ಕ್ಲಿನಿಕಲ್ ಪೋಸ್ಟಿಂಗ್ ಕೇಳುತ್ತದೆ. ಅಮೆರಿಕದಲ್ಲಿ ಈ ವೃತ್ತಿಗೆ ಬೇಕಾದ ಎನ್‌ಬಿಸಿಓಟಿ ಪರೀಕ್ಷೆಗೆ ಅರ್ಜಿ ಹಾಕುವಾಗ ಈ ಮಾನ್ಯತೆಯ ಪ್ರಶ್ನೆ ಬಂದೇ ಬರುತ್ತದೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ಸೈಕಾಲಜಿ ತೆಗೆದುಕೊಂಡು ಬಿಎಸ್ಸಿ ಮುಗಿಸಿದ್ದೇನೆ. ನೇರ ಎಂಓಟಿಗೆ ಸೇರಬಹುದಾ? ಓಟಿ ಕೋರ್ಸು ನಮ್ಮ ಕಡೆಯೇ ಸಿಗುತ್ತದೆ ಅಂತ ಮಾವ ಹೇಳಿದರು.

ಉತ್ತರ: ಇಲ್ಲಿ ಸೇರಲಾಗುವುದಿಲ್ಲ. ನಮ್ಮ ದೇಶದಲ್ಲಿ ಬಿಓಟಿ ಆದವರಿಗೆ ಮಾತ್ರ ಎಂಓಟಿ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬೇರೆ ಡಿಗ್ರಿ ಆದವರು ನೇರವಾಗಿ ಮಾಸ್ಟರ್ಸ್‌ಗೆ ಸೇರುವ ದಾರಿ ಇದೆ, ಆದರೆ ಖರ್ಚು ಕೇಳಿದರೆ ಮಾವ ಎದ್ದು ಹೋಗುತ್ತಾರೆ. ಸೈಕಾಲಜಿಯನ್ನೇ ಮುಂದುವರಿಸಬೇಕು, ಅಂಗವೈಕಲ್ಯ ಇರುವ ಮಕ್ಕಳ ಜೊತೆ ಇರಬೇಕು ಅಂದರೆ ಕ್ಲಿನಿಕಲ್ ಸೈಕಾಲಜಿ, ವಿಶೇಷ ಶಿಕ್ಷಣದ ಬಿ.ಎಡ್ ಇವೆ.

ಇನ್ನು ಮಾವ ಹೇಳಿದ ಓಟಿ ಯಾವುದು ಅಂತ ವಿಚಾರಿಸಿಕೊಳ್ಳಿ. ನನಗೆ ಅನುಮಾನ, ಅದು ಆಪರೇಷನ್ ಥಿಯೇಟರ್ ಟೆಕ್ನಾಲಜಿ. ಅದೂ ಒಳ್ಳೆಯ ಕೋರ್ಸೇ, ಆದರೆ ಬೇರೆಯದೇ ಕೆಲಸ. ಕಮಲಾ ನಿಂಬ್ಕರ್ ಅವರು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ಶುರು ಮಾಡಿದ್ದು 1950ರಲ್ಲಿ. ಇಷ್ಟು ವರ್ಷ ಆದರೂ ನಾನು ಓಟಿಯಲ್ಲಿದ್ದೇನೆ ಅಂದರೆ 'ಹೌದಾ, ಇವತ್ತು ಎಷ್ಟು ಆಪರೇಷನ್?' ಅಂತ ನಮ್ಮ ನೆಂಟರೇ ಕೇಳುತ್ತಾರೆ. ಹೆಸರಿನ ಗೊಂದಲದಲ್ಲಿ ಫೀಸ್ ಕಟ್ಟಿ ಬಂದವರನ್ನೂ ನೋಡಿದ್ದೇನೆ.

ಪ್ರಶ್ನೆ: ಮನೆ ಹೊಳಲ್ಕೆರೆ, ಎಂಓಟಿ ಓದುತ್ತಿರುವುದು ಬೇರೆ ಊರಲ್ಲಿ, ಎರಡನೇ ವರ್ಷ. ಲಕ್ವ ಹೊಡೆದವರ ಕೈ ಕೆಲಸದ ಮೇಲೆ ಥೀಸಿಸ್. 40 ಮಂದಿ ರೋಗಿಗಳು ಬೇಕು ಅಂತ ಸಿನಾಪ್ಸಿಸ್‌ನಲ್ಲಿ (ಥೀಸಿಸ್ ಶುರು ಮಾಡುವ ಮುಂಚೆ ಕೊಡುವ ಯೋಜನೆ) ಬರೆದಿದ್ದೆ. ಇಲ್ಲಿಯವರೆಗೆ ಪೂರ್ತಿ ಮಾಡಿದವರು 11. ಮೂರು ಸಲ ಬಂದು ನಿಲ್ಲಿಸಿಬಿಡುತ್ತಾರೆ. ಕೋರ್ಸೇ ಬಿಟ್ಟುಬಿಡೋಣ ಅನ್ನಿಸುತ್ತಿದೆ.

ಉತ್ತರ: ಬಿಡಬೇಡಿ. ನಾನು 60 ಅಂತ ಬರೆದು 23ಕ್ಕೆ ಸುಸ್ತಾದವಳು. ಆಗ ನನಗೆ ಸಿಟ್ಟು ಬಂದದ್ದು ರೋಗಿಗಳ ಮೇಲೆ. ಒಬ್ಬ ಅಜ್ಜನನ್ನು ಕರೆತರುತ್ತಿದ್ದ ಮಗ ಆಮೇಲೆ ಹೇಳಿದ: ಒಂದು ಸಲ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ಮೇಲೆ ಇಬ್ಬರ ಬಸ್ ಚಾರ್ಜು.

ಮಾಡಬಾರದ್ದನ್ನು ಮೊದಲು ಹೇಳುತ್ತೇನೆ. ಬಾರದ ರೋಗಿಯ ಹೆಸರಲ್ಲಿ ಟೇಬಲ್ ತುಂಬಿಸಬೇಡಿ. ಎಲ್ಲರೂ ಮಾಡುತ್ತಾರೆ ಅಂತ ಸೀನಿಯರ್ ಯಾರಾದರೂ ಹೇಳಿದರೂ ಬೇಡ.

ಮಾಡಬಹುದಾದ್ದು ಬೇಕಾದಷ್ಟಿದೆ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಬರಬೇಕು ಅಂತ ಬರೆದಿದ್ದರೆ ಒಂದು ಸಲ ಆಸ್ಪತ್ರೆ, ಎರಡು ಸಲ ಮನೆಯಲ್ಲಿ ಅಂತ ಬದಲಿಸಲು ಕೇಳಿ. ಲಕ್ವ ಹೊಡೆದು ಆರು ತಿಂಗಳ ಒಳಗಿನವರು ಮಾತ್ರ ಅಂದಿದ್ದರೆ ಅದನ್ನು ಒಂದು ವರ್ಷಕ್ಕೆ ಹಿಗ್ಗಿಸಬಹುದು. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯನ್ನು ಎರಡನೇ ಜಾಗವಾಗಿ ಸೇರಿಸಿಕೊಳ್ಳಲು ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಪತ್ರ ಕೊಡಬಹುದು. 11ರ ಜೊತೆ ಇನ್ನು ಹತ್ತೇ ಮಂದಿ ಸಿಗುವುದಾದರೆ ಡಿಸೈನ್ ಬದಲಿಸಬಹುದೇ ಅಂತ ಸ್ಟ್ಯಾಟಿಸ್ಟಿಕ್ಸ್ ನೋಡುವವರ ಹತ್ತಿರ ಒಂದು ತಾಸು ಕೂತು ಮಾತಾಡಿ. ಯಾವುದನ್ನೇ ಮಾಡಿದರೂ ಗೈಡ್ ಒಪ್ಪಬೇಕು, ಎಥಿಕ್ಸ್ ಕಮಿಟಿ ಬರಹದಲ್ಲಿ ಅನುಮತಿ ಕೊಡಬೇಕು. ನಿಮ್ಮದು ಚಿಕಿತ್ಸೆ ಕೊಟ್ಟು ನೋಡುವ ಅಧ್ಯಯನವಾದರೆ ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯ ನೋಂದಣಿಯಲ್ಲೂ ಬದಲಾವಣೆ ದಾಖಲಿಸಿ. ಕಿರಿಯರಿಗೂ ಒಂದು ಮಾತು: ಏಪ್ರಿಲ್ 2018ರಿಂದ ಅಲ್ಲಿ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ನೋಂದಾಯಿಸಬೇಕು, ಆಮೇಲೆ ಹೋದರೆ ತೆಗೆದುಕೊಳ್ಳುವುದಿಲ್ಲ.

ಬಂದವರು ಯಾಕೆ ನಿಲ್ಲಿಸುತ್ತಾರೆ ಅನ್ನುವುದಕ್ಕೆ ಬಸ್ ಚಾರ್ಜಿನ ಜೊತೆ ಇನ್ನೊಂದು ಕಾರಣ ನನಗೆ ಕಾಣುತ್ತದೆ. ನಾವು ಅಳೆಯುವುದು ಅವರಿಗೆ ಬೇಕಾದದ್ದನ್ನಲ್ಲ. ರೋಗಿ ದಿನನಿತ್ಯದ ಕೆಲಸ ಎಷ್ಟರ ಮಟ್ಟಿಗೆ ತಾನೇ ಮಾಡಿಕೊಳ್ಳುತ್ತಾನೆ ಅಂತ ಅಳೆಯುವ ಬಾರ್ಥೆಲ್ ಇಂಡೆಕ್ಸ್ ಅನ್ನೇ ನೋಡಿ. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು, ಒಟ್ಟು 100 ಅಂಕ. ಊಟದ ಸಾಲಿನಲ್ಲಿ ಅದು ಕತ್ತರಿಸುವುದು, ಬೆಣ್ಣೆ ಸವರುವುದನ್ನು ಕೇಳುತ್ತದೆ. ದಾವಣಗೆರೆ ಕಡೆಯಲ್ಲಿ ಬೆಣ್ಣೆ ಸವರುವುದು ದೋಸೆ ಹೋಟೆಲಿನವನ ಕೆಲಸ, ತಿನ್ನುವವನದ್ದಲ್ಲ! ನಿಮ್ಮ ಹತ್ತಿರ ಚಿಕಿತ್ಸೆಗೆ ಬರುವ ಅಜ್ಜಿಗೆ ಬೇಕಾಗಿರುವುದು ರೊಟ್ಟಿ ತಟ್ಟುವುದು, ಅಜ್ಜನಿಗೆ ತಾನೇ ಪಂಚೆ ಉಟ್ಟು ಅಡಿಕೆ ತೋಟಕ್ಕೆ ಹೋಗುವುದು. ಸಿಓಪಿಎಂ ಅನ್ನುವ ಕೆನಡಾದ ಅಳತೆ ಇದೆಯಲ್ಲ, ಅದರಲ್ಲಿ ಯಾವ ಕೆಲಸ ಕಷ್ಟ ಅಂತ ರೋಗಿಯೇ ಹೇಳುತ್ತಾನೆ, 1ರಿಂದ 10ರವರೆಗೆ ಅಂಕವನ್ನೂ ಅವನೇ ಕೊಡುತ್ತಾನೆ. ಎರಡು ಅಂಕ ಏರಿದರೆ ಬದಲಾವಣೆ ಆಗಿದೆ ಅಂತ ಲೆಕ್ಕ. ಅನುಮತಿ ತೆಗೆದುಕೊಳ್ಳುವಾಗ ಇದನ್ನೂ ಸೇರಿಸಲು ಕೇಳಿ. ಕೈ ವ್ಯಾಯಾಮ ಅಂತ ಮರದ ಗೂಟ ತೆಗೆದು ಹಾಕಿ ತೆಗೆದು ಹಾಕಿ ಮಾಡುವುದಕ್ಕೆ ಬಾರದವರು ಹಿಟ್ಟು ನಾದುವುದಕ್ಕೆ ಬಂದದ್ದನ್ನು ನಾನು ನೋಡಿದ್ದೇನೆ.

ಗೈಡ್ ಹತ್ತಿರ ಹೋಗುವಾಗ ಬರಿಗೈಲಿ ಹೋಗಬೇಡಿ. ನಿಲ್ಲಿಸಿದ ಪ್ರತಿಯೊಬ್ಬರ ಮನೆಗೂ ಫೋನ್ ಮಾಡಿ, ಯಾಕೆ ಬರಲಿಲ್ಲ ಅಂತ ಕೇಳಿ ಬರೆದುಕೊಳ್ಳಿ. ಆ ಒಂದು ಪುಟ ಥೀಸಿಸ್‌ನೊಳಗೂ ಹೋಗುತ್ತದೆ.