ಕೆನಡಾಗೆ ಹೊರಡಲು ಕನ್ಸಲ್ಟೆಂಟ್ ಬೇಕೇ ಬೇಕಾ?

ಓದುಗರ ಪತ್ರ: ನನಗೆ 34, ಹೆಂಡತಿಗೆ 30. ನಾನು ಮೆಕ್ಯಾನಿಕಲ್ ಎಂಜಿನಿಯರ್. ಅವಳು ಬಿ.ಎಸ್ಸಿ. ನರ್ಸಿಂಗ್ ಮಾಡಿ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದಾಳೆ. ಕೆನಡಾ ಪಿ.ಆರ್.ಗೆ (ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಅರ್ಜಿ ಹಾಕಬೇಕು ಅಂತಿದ್ದೇವೆ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ಎರಡು ಲಕ್ಷ ಕೇಳಿದೆ. ಮುಖ್ಯ ಅರ್ಜಿ ನನ್ನ ಹೆಸರಿನಲ್ಲಿ ಹಾಕುತ್ತಾರಂತೆ, ಪಿ.ಆರ್. ಗ್ಯಾರಂಟಿಯಂತೆ. ಶನಿವಾರದೊಳಗೆ ಕಟ್ಟಿದರೆ ಇಪ್ಪತ್ತು ಸಾವಿರ ರಿಯಾಯಿತಿ. 2019ರಲ್ಲಿ ಹೆಂಡತಿಗೆ ಬೇರೊಂದು ದೇಶದ ವೀಸಾ ರಿಜೆಕ್ಟ್ ಆಗಿತ್ತು. ಅದನ್ನು ಬರೆಯುವುದು ಬೇಡ ಅಂದಿದ್ದಾರೆ. ಟೋಕನ್ ಅಂತ ಹತ್ತು ಸಾವಿರ ಕೊಟ್ಟುಬಿಟ್ಟಿದ್ದೇನೆ. ಮುಂದುವರಿಯಲಾ? — ಒಬ್ಬ ಓದುಗರು, ದಾವಣಗೆರೆ

ಸಂಪಾದಕರ ಉತ್ತರ:

ಮೊದಲು 2019ರ ವಿಷಯ. ನಿಮ್ಮ ಪತ್ರದಲ್ಲಿ ಅದಕ್ಕೆ ಸಿಕ್ಕಿರುವುದು ಎರಡು ಸಣ್ಣ ಸಾಲು. ಓದಿದಾಗ ನನಗೆ ಭಯವಾದದ್ದು ಅಲ್ಲೇ. ಕೆನಡಾದ ಅರ್ಜಿಯಲ್ಲಿ ನೇರ ಪ್ರಶ್ನೆಯೇ ಇದೆ: ಕೆನಡಾ ಅಥವಾ ಬೇರೆ ಯಾವುದೇ ದೇಶ ನಿಮಗೆ ವೀಸಾ ನಿರಾಕರಿಸಿದೆಯಾ? ಜೊತೆಗೆ ಹೋಗುವ ಗಂಡ ಅಥವಾ ಹೆಂಡತಿಯೂ ಉತ್ತರಿಸಬೇಕು. ಆಗಿದ್ದಕ್ಕೆ 'ಇಲ್ಲ' ಅಂತ ಬರೆದು ಸಿಕ್ಕಿಬಿದ್ದರೆ ಅದು ತಪ್ಪು ಮಾಹಿತಿ ಕೊಟ್ಟಂತೆ. ಅವರ ವಲಸೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಐದು ವರ್ಷ ಬಾಗಿಲು ಮುಚ್ಚುತ್ತದೆ. 'ಕನ್ಸಲ್ಟೆಂಟ್ ಹೇಳಿದರು, ಅದಕ್ಕೇ ಬರೆಯಲಿಲ್ಲ' ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅರ್ಜಿಯಲ್ಲಿ ಏನಿದ್ದರೂ ಅದು ನಿಮ್ಮದೇ ಮಾತು.

2023ರಲ್ಲಿ ಸುದ್ದಿಯಾದ ಭಾರತೀಯ ವಿದ್ಯಾರ್ಥಿಗಳ ಪ್ರಕರಣ ನೆನಪಿರಬಹುದು. ಏಜೆಂಟ್ ಕೊಟ್ಟ ಕಾಲೇಜು ಪ್ರವೇಶಪತ್ರ ನಕಲಿ ಎಂಬುದು ಹಲವರಿಗೆ ಗೊತ್ತಾದದ್ದು ಅಲ್ಲಿ ಓದು ಮುಗಿಸಿ ಪಿ.ಆರ್.ಗೆ ಅರ್ಜಿ ಹಾಕಿದ ಮೇಲೆ. ಗಡೀಪಾರಿನ ನೋಟಿಸು ಬಂದದ್ದು ಆ ಮಕ್ಕಳಿಗೆ. ಕೊನೆಗೆ ಯಾರು ನಿಜವಾಗಿ ಮೋಸಹೋದವರು ಎಂದು ಒಂದೊಂದೇ ಪ್ರಕರಣ ನೋಡಲು ಅಲ್ಲಿನ ಸರ್ಕಾರ ಒಂದು ಕಾರ್ಯಪಡೆಯನ್ನೇ ಮಾಡಬೇಕಾಯಿತು. ಅಷ್ಟು ದಿನ ಆ ಮನೆಗಳಲ್ಲಿ ಯಾರಿಗೆ ನಿದ್ದೆ ಬಂದಿರುತ್ತದೆ ಹೇಳಿ.

ಹಾಗಾಗಿ ಈ ಕನ್ಸಲ್ಟೆನ್ಸಿ ಬೇಡ. ಮುಚ್ಚಿಡಿ ಎಂದು ಹೇಳಿದವರಿಗೆ ನಿಮ್ಮ ಫೈಲು ಕೊಡಬೇಡಿ.

ಹಾಗಂತ ಸಲಹೆಗಾರರೇ ಬೇಡ ಅಂತಲ್ಲ. ನಿಮ್ಮ ಕೇಸಿನಲ್ಲಿ ಗಂಟು ಎಲ್ಲಿದೆ ಅಂತ ಮೊದಲು ನೋಡಿ. ಎಕ್ಸ್‌ಪ್ರೆಸ್ ಎಂಟ್ರಿ (ನುರಿತ ಕೆಲಸಗಾರರು ಪಿ.ಆರ್. ಕೋರುವ ದಾರಿ) 2015ರಲ್ಲಿ ಶುರುವಾದಾಗಿನಿಂದಲೂ ಅರ್ಜಿದಾರರೇ ಆನ್‌ಲೈನಿನಲ್ಲಿ ತುಂಬಿಕೊಳ್ಳಬಹುದಾದ ವ್ಯವಸ್ಥೆ. ಪ್ರೊಫೈಲ್ ಹಾಕಲು ದುಡ್ಡಿಲ್ಲ. ಅದು 12 ತಿಂಗಳು ಇರುತ್ತದೆ. ಆಹ್ವಾನ ಬಂದರೆ 60 ದಿನದಲ್ಲಿ ಪೂರ್ತಿ ಅರ್ಜಿ ಹಾಕಬೇಕು. ಸರ್ಕಾರಿ ಶುಲ್ಕ 2024ರ ಏಪ್ರಿಲ್ ಕೊನೆಯಲ್ಲಿ ಬಂದ ದರದಲ್ಲಿ ದೊಡ್ಡವರಿಗೆ ತಲಾ 1,525 ಕೆನಡಾ ಡಾಲರ್. ದರ ಆಗಾಗ ಬದಲಾಗುತ್ತದೆ, ಕಟ್ಟುವ ಮೊದಲು ಸರ್ಕಾರಿ ವೆಬ್‌ಸೈಟ್ ನೋಡಿ. ಇದನ್ನು ಹೇಗೂ ನೀವೇ ಕಟ್ಟಬೇಕು. ಕನ್ಸಲ್ಟೆಂಟ್ ಇಟ್ಟುಕೊಂಡವರ ಅರ್ಜಿಗೆ ಅಲ್ಲಿ ವಿಶೇಷ ಗಮನವೇನೂ ಸಿಗುವುದಿಲ್ಲ.

ಗ್ಯಾರಂಟಿ ಅನ್ನುವ ಮಾತೂ ಸುಳ್ಳೇ. ಆಹ್ವಾನ ಹೋಗುವುದು ವಯಸ್ಸು, ಓದು, ಅನುಭವ, ಭಾಷೆಗೆ ಸಿಗುವ ಅಂಕದ ಮೇಲೆ. ಯಾವ ಡ್ರಾದಲ್ಲಿ, ಅಂದರೆ ಆಹ್ವಾನ ಕಳಿಸುವ ಸುತ್ತಿನಲ್ಲಿ, ಎಷ್ಟು ಅಂಕಕ್ಕೆ ನಿಲ್ಲುತ್ತದೆ ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ನಿಯಮಗಳೂ ಬದಲಾಗುತ್ತವೆ. ಉದ್ಯೋಗದ ಆಫರ್ ಇದ್ದವರಿಗೆ ಮೊದಲು 50 ಅಥವಾ 200 ಅಂಕ ಜಾಸ್ತಿ ಸಿಗುತ್ತಿತ್ತು. 2025ರ ಮಾರ್ಚ್ 25ರಿಂದ ಅದನ್ನು ತೆಗೆದುಹಾಕಿದರು. ಆಫರ್ ಲೆಟರುಗಳನ್ನು ಲಕ್ಷಗಟ್ಟಲೆಗೆ ಮಾರುವ ದಂಧೆ ಬೆಳೆದದ್ದೂ ಅದಕ್ಕೊಂದು ಕಾರಣ.

ಇನ್ನೊಂದು ಮಾತು. ಮುಖ್ಯ ಅರ್ಜಿ ನಿಮ್ಮ ಹೆಸರಿನಲ್ಲೇ ಯಾಕೆ? ವಯಸ್ಸಿನ ಅಂಕ 30ರಿಂದ ಇಳಿಯುತ್ತಾ ಹೋಗುತ್ತದೆ. ಸಂಗಾತಿಯ ಜೊತೆ ಹೋಗುವವರಿಗೆ 30ರಲ್ಲಿ 95, 34ರಲ್ಲಿ 75. ಇಲ್ಲೇ 20 ಅಂಕ ಹೋಯಿತು. ಮೇಲಾಗಿ, 2023ರಿಂದ ಆರೋಗ್ಯ ಕ್ಷೇತ್ರದವರಿಗೆ ಬೇರೆಯೇ ಡ್ರಾ ನಡೆಯುತ್ತಾ ಬಂದಿದೆ, ಅದರಲ್ಲಿ ನರ್ಸ್‌ಗಳೂ ಇದ್ದಾರೆ. ಸರ್ಕಾರಿ ವೆಬ್‌ಸೈಟಿನ ಉಚಿತ ಅಂಕ ಲೆಕ್ಕದಲ್ಲಿ ಒಮ್ಮೆ ನಿಮ್ಮನ್ನು, ಒಮ್ಮೆ ಅವರನ್ನು ಮುಖ್ಯ ಅರ್ಜಿದಾರರಾಗಿ ಇಟ್ಟು ನೋಡಿ. ಇಬ್ಬರೂ ಬೇರೆ ಬೇರೆ ಪ್ರೊಫೈಲ್ ಹಾಕಲೂಬಹುದು. ಎರಡು ಲಕ್ಷ ಕೇಳುವವರು ಇದನ್ನು ಮೊದಲ ದಿನವೇ ಹೇಳಬೇಕಿತ್ತು, ಅಲ್ವಾ? ಆದರೆ ಒಂದು ನೆನಪಿಡಿ: ಪಿ.ಆರ್. ಸಿಕ್ಕ ಮಾತ್ರಕ್ಕೆ ಅಲ್ಲಿ ನರ್ಸ್ ಕೆಲಸ ಮಾಡಲು ಆಗುವುದಿಲ್ಲ. ಹೋಗುವ ಪ್ರಾಂತ್ಯದ ನರ್ಸಿಂಗ್ ನೋಂದಣಿ ಬೇರೆ, ಅದಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ ಬೇರೆ. ಆ ತಯಾರಿಯನ್ನು ಇಲ್ಲಿಂದಲೇ ಶುರುಮಾಡಲಿ.

ಎರಡು ಲಕ್ಷದಲ್ಲಿ ಒಂದು ಪಾಲನ್ನು ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ಹಾಕಿ. ಜನರಲ್ ಟ್ರೈನಿಂಗ್ ಬೇಕು, ಅಕಾಡೆಮಿಕ್ ಅಲ್ಲ. ಲಿಸನಿಂಗ್‌ನಲ್ಲಿ 8, ಉಳಿದ ಮೂರರಲ್ಲಿ ತಲಾ 7 ಬಂದರೆ ಅಂಕ ಒಮ್ಮೆಲೇ ಏರುತ್ತದೆ. ಮೊದಲ ಸಲ ಬರದಿದ್ದರೆ ಕೋಚಿಂಗ್ ತಗೊಂಡು ಮತ್ತೆ ಬರೆಯುವುದು ಈ ಖರ್ಚಿನಲ್ಲೆಲ್ಲ ಹೆಚ್ಚು ಫಲ ಕೊಡುವ ಖರ್ಚು. ಆಸ್ಪತ್ರೆಯ ಪತ್ರಕ್ಕೂ ಈಗಲೇ ಕೇಳಿ. ನಮ್ಮಲ್ಲಿ ಎಚ್.ಆರ್.ನವರು ಎರಡು ಸಾಲಿನ ಎಕ್ಸ್‌ಪೀರಿಯನ್ಸ್ ಲೆಟರ್ ಕೊಟ್ಟು ಕಳಿಸುತ್ತಾರೆ. ಅದು ಸಾಲದು. ಹುದ್ದೆ, ದಿನಾಂಕ, ಮಾಡುವ ಕೆಲಸಗಳು, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಲ್ಲವೂ ಲೆಟರ್‌ಹೆಡ್ಡಿನ ಮೇಲೆ ಇರಬೇಕು. ಈ ಪತ್ರಕ್ಕಾಗಿ ನೀವೇ ಓಡಾಡಬೇಕು. ಕನ್ಸಲ್ಟೆಂಟ್ ಇದ್ದರೂ ಅದು ತಪ್ಪುವುದಿಲ್ಲ.

ನಿಮ್ಮ ಕೇಸಿನ ಗಂಟು ಆ ರಿಜೆಕ್ಷನ್. ಹಳೆಯ ನಿರಾಕರಣೆ ಇದೆ ಅಂದ ಮಾತ್ರಕ್ಕೆ ಪಿ.ಆರ್. ತಪ್ಪುವುದಿಲ್ಲ. ಕಾರಣ ಏನಿತ್ತು, ಅದನ್ನು ಹೇಗೆ ವಿವರಿಸಬೇಕು ಎಂಬುದಕ್ಕೆ ತಿಳಿದವರ ಮಾತು ಬೇಕು. ಅದಕ್ಕೆ ಪೂರ್ತಿ ಪ್ಯಾಕೇಜ್ ಬೇಕಿಲ್ಲ. ಲೈಸೆನ್ಸ್ ಇರುವವರ ಹತ್ತಿರ ಒಂದು ಗಂಟೆಯ ಸಲಹೆಗೆ ಮಾತ್ರ ದುಡ್ಡು ಕೊಡಿ. ಆ ನಿರಾಕರಣೆ ಪತ್ರವನ್ನು ಮುಂದಿಟ್ಟು ಮಾತಾಡಿ.

ಲೈಸೆನ್ಸ್ ಅಂದರೆ ಇಲ್ಲಿನ ಕಂಪನಿ ನೋಂದಣಿಯಲ್ಲ. ದುಡ್ಡು ತಗೊಂಡು ಕೆನಡಾ ವಲಸೆಯ ಸಲಹೆ ಕೊಡಲು ಅಲ್ಲಿನ ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್‌ನ ಸದಸ್ಯರಾಗಿರಬೇಕು, ಇಲ್ಲವೇ ಅಲ್ಲಿನ ಪ್ರಾಂತ್ಯದಲ್ಲಿ ನೋಂದಾಯಿತ ವಕೀಲರಾಗಿರಬೇಕು. ಕನ್ಸಲ್ಟೆಂಟ್‌ಗಳ ಪಟ್ಟಿ ಆ ಕಾಲೇಜಿನ ವೆಬ್‌ಸೈಟಿನಲ್ಲಿ ಎಲ್ಲರಿಗೂ ತೆರೆದಿದೆ. ಹೆಸರು ಹುಡುಕಿ, ಲೈಸೆನ್ಸ್ ಈಗಲೂ ಚಾಲ್ತಿಯಲ್ಲಿದೆಯಾ ನೋಡಿ. ಆಮೇಲೆ ಪಟ್ಟಿಯಲ್ಲಿ ಇರುವ ವಿಳಾಸಕ್ಕೇ ಬರೆದು ಖಚಿತಪಡಿಸಿಕೊಳ್ಳಿ, ಏಕೆಂದರೆ ಬೇರೆಯವರ ಲೈಸೆನ್ಸ್ ನಂಬರನ್ನು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಕೊಳ್ಳುವವರಿದ್ದಾರೆ. ಮುಂದೆ ಪೂರ್ತಿ ಫೈಲು ಕೊಡುವ ಮನಸ್ಸಾದರೆ, ಪ್ರತಿನಿಧಿಯಾಗಿ ಐಎಂಎಂ 5476 ಫಾರಂಗೆ ಸಹಿ ಹಾಕುತ್ತೀರಾ ಎಂದು ಕೇಳಿ. 'ನಿಮ್ಮ ಹೆಸರಿನಲ್ಲೇ ಹಾಕೋಣ, ನಾವು ಹಿಂದೆ ಇರ್ತೀವಿ' ಅಂದರೆ ಎದ್ದು ಬನ್ನಿ. ಅರ್ಜಿ ಸಲ್ಲಿಸುವ ಮುನ್ನ ಪ್ರತಿ ಪುಟವನ್ನೂ ಗಂಡ ಹೆಂಡತಿ ಇಬ್ಬರೂ ಕೂತು ಓದಿ.

ಇನ್ನು ಟೋಕನ್ ಹಣ. ರಸೀದಿ, ವಾಟ್ಸ್ಆ್ಯಪ್ ಸಂದೇಶ ಎಲ್ಲ ಇಟ್ಟುಕೊಳ್ಳಿ. ಗ್ಯಾರಂಟಿ ಎಂದ ಮಾತು, ರಿಜೆಕ್ಷನ್ ಬರೆಯಬೇಡಿ ಎಂದ ಮಾತು ಸಂದೇಶದಲ್ಲಿ ಇದ್ದರೆ ಅಳಿಸಬೇಡಿ. ಏನಾದರೂ ಸಹಿ ಮಾಡಿದ್ದರೆ ಹಣ ವಾಪಸಾತಿಯ ಷರತ್ತು ಓದಿ. ಫೋನಿನಲ್ಲಿ ವಾದ ಮಾಡುವ ಬದಲು ಇಮೇಲ್‌ನಲ್ಲಿ ಹಣ ವಾಪಸ್ ಕೇಳಿ, ಉತ್ತರಕ್ಕೆ ಒಂದು ದಿನಾಂಕ ಕೊಡಿ. ಕೊಡದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರನ್ನು ನೀವಿರುವ ದಾವಣಗೆರೆಯಲ್ಲೇ ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಬೇಕೇ ಬೇಕು ಅಂತಿಲ್ಲ.