ಈ ವಿಡಿಯೊ ಯಾರು ನೋಡಲಿ ಅಂತ?

ನಿದ್ದೆ ಬರುತ್ತಿಲ್ಲ, ಎದೆ ಡವಡವ ಎನ್ನುತ್ತದೆ ಎಂದು ಆಪ್ತಸಲಹೆಗೆ ನನ್ನ ಬಳಿ ಬರುವವರಲ್ಲಿ ಈಗೀಗ ಮನೆಯಲ್ಲೇ ಸಣ್ಣ ವ್ಯಾಪಾರ ನಡೆಸುವ ಹೆಣ್ಣುಮಕ್ಕಳು ಹೆಚ್ಚು. ಹಪ್ಪಳ, ಸಂಡಿಗೆ ಮಾಡುವವರು, ಬ್ಲೌಸ್ ಹೊಲಿಯುವವರು, ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟವರು. ಅರ್ಧ ತಾಸು ಮಾತಾದ ಮೇಲೆ ಅವರ ಫೋನು ನನ್ನ ಮೇಜಿನ ಮೇಲೆ ಬರುತ್ತದೆ. ಇನ್‌ಸ್ಟಾಗ್ರಾಂ ತೆರೆದು ತೋರಿಸುತ್ತಾರೆ. ಇದನ್ನು ಇಟ್ಟುಕೊಳ್ಳಲೋ ಬಿಡಲೋ ಎಂಬುದೇ ಪ್ರಶ್ನೆ. ಅಂಥ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು ನಲವತ್ತರ ಆಚೆ. ಹುಬ್ಬಳ್ಳಿ ಕಡೆಯವರು. ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಅವರೂ ಸೇರಿ ಐವರು ಹೆಣ್ಣುಮಕ್ಕಳು. ಎರಡು ಖಾನಾವಳಿಗೆ ದಿನವೂ ಬಿಸಿ ರೊಟ್ಟಿ, ಮನೆಗಳಿಗೆ ಖಡಕ್ ರೊಟ್ಟಿ, ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ. ಆರು ವರ್ಷದಿಂದ ನಡೆದು ಬಂದ ಕೆಲಸ. ಮಗ ಕಾಲೇಜು ಹುಡುಗ. ತಾಯಿ ರೊಟ್ಟಿ ಬಡಿಯುವುದನ್ನು ಒಂದು ದಿನ ಫೋನಿನಲ್ಲಿ ಹಿಡಿದು ರೀಲ್ ಮಾಡಿ ಹಾಕಿದ. ಎರಡೂವರೆ ಲಕ್ಷ ಸಲ ಓಡಿತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ದಿನಕ್ಕೊಂದು ವಿಡಿಯೊ ಬೇಕಾಯಿತು. ಒಳ್ಳೆಯ ಬೆಳಕು ಬರುವವರೆಗೆ ಹೆಂಚು ಕಾಯಬೇಕಾಯಿತು. ಖಾನಾವಳಿಗೆ ರೊಟ್ಟಿ ತಡವಾಗಿ, ಎರಡರಲ್ಲಿ ಒಂದು ಬೇರೆಯವರನ್ನು ಹಿಡಿಯಿತು. ದೂರದ ಊರುಗಳಿಂದ ಬಂದ ಆರ್ಡರು ಎರಡು ತಿಂಗಳಲ್ಲಿ ಹದಿನಾಲ್ಕು. ಕೊರಿಯರಿನಲ್ಲಿ ಖಡಕ್ ರೊಟ್ಟಿ ಚೂರಾಗಿ, ಐದರ ಹಣ ಹಿಂದಿರುಗಿಸಿದರು. "ಕೈಗೆ ಗ್ಲೌಸ್ ಇಲ್ಲ, ಹೊಲಸು" ಎಂದು ಯಾರೋ ಬರೆದರು. ಆ ಒಂದು ಸಾಲನ್ನು ಅವರು ನನ್ನ ಮುಂದೆ ಮೂರು ಸಲ ಓದಿದರು. ರಾತ್ರಿ ಎರಡಕ್ಕೆ ಎದ್ದು ಫೋನು ನೋಡುವುದು ರೂಢಿಯಾಯಿತು. ಬೆಳಿಗ್ಗೆ ನಾಲ್ಕೂವರೆಗೆ ಹಿಟ್ಟು ನಾದಬೇಕಾದ ಹೆಂಗಸು!

ಮೂರನೆಯ ಭೇಟಿಗೆ ಆರ್ಡರ್ ಬರೆದಿಡುವ ವಹಿ ತರಲು ಹೇಳಿದ್ದೆ. ಒಬ್ಬೊಬ್ಬ ಗಿರಾಕಿಯ ಹೆಸರಿನ ಮುಂದೆ, ಅವರು ಹೇಗೆ ಬಂದರು ಎಂದು ಇಬ್ಬರೂ ಕೂತು ಗುರುತು ಹಾಕಿದೆವು. ಮದುವೆಯಲ್ಲಿ ಉಂಡು ಕೇಳಿದವರು, ಬಾಜೂ ಮನೆಯವರು ಹೇಳಿ ಬಂದವರು, ಖಾನಾವಳಿಯಲ್ಲಿ ವಿಚಾರಿಸಿ ಬಂದವರು. ಪುಟ ತುಂಬಿತು. ರೀಲ್ ನೋಡಿ ಬಂದು ಎರಡನೆಯ ಸಲ ತೆಗೆದುಕೊಂಡವರು ಇಬ್ಬರು.

"ನಾಳೆ ಒಮ್ಮೆಲೇ ಐದು ಸಾವಿರ ರೊಟ್ಟಿಗೆ ಆರ್ಡರ್ ಬಂದರ ಏನ್ ಮಾಡ್ತೀರಿ ಅಕ್ಕಾರ?" ಎಂದು ಕೇಳಿದೆ.

"ಎಲ್ಲಿ ಆಗ್ತಾವ್ರಿ ಮೇಡಮ್ಮಾರ? ಐದು ಜೋಡಿ ಕೈ ಅದಾವು. ದಿನಕ್ಕ ಆರನೂರು ದಾಟಂಗಿಲ್ಲ."

"ಈಗ ಎಷ್ಟು ಹೊಂಟಾವು?"

"ಖಾನಾವಳಿ ಬಿಡೂಕಿಂತ ಮೊದಲ ಆರನೂರೂ ಹೋಗ್ತಿದ್ವು."

"ಹಂಗಾರ ಈ ವಿಡಿಯೊ ಯಾರು ನೋಡ್ಲಿ ಅಂತ ಮಾಡ್ತೀರಿ?"

ಸೆರಗಿನ ಅಂಚು ಹಿಡಿದು ಬಹಳ ಹೊತ್ತು ಸುಮ್ಮನೆ ಕೂತರು. ನಾನೂ ಮಾತಾಡಲಿಲ್ಲ.

"ನಮ್ಮ ನೆಗೆಣ್ಣಿ ನೋಡ್ಲಿ ಅಂತ್ರಿ."

ಮೈದುನನ ಹೆಂಡತಿ. ದೊಡ್ಡ ಊರಿನಲ್ಲಿ ನೌಕರಿ. ಮನೆಯ ಮದುವೆಯೊಂದರಲ್ಲಿ ಬೀಗರ ಎದುರು "ನಮ್ಮಕ್ಕ ರೊಟ್ಟಿ ಬಡೀತಾಳ" ಎಂದು ನಕ್ಕು ಪರಿಚಯ ಮಾಡಿಕೊಟ್ಟಿದ್ದರಂತೆ. ರೀಲ್ ಯಾರು ನೋಡಿದರೆಂದು ಹೆಸರು ಕಾಣುವುದಿಲ್ಲ. ಸ್ಟೋರಿ ಹಾಕಿದರೆ ನೋಡಿದವರ ಪಟ್ಟಿ ಕಾಣುತ್ತದೆ. ಇವರು ರಾತ್ರಿ ಎರಡಕ್ಕೆ ಎದ್ದು ನೋಡುತ್ತಿದ್ದುದು ಆರ್ಡರ್ ಅಲ್ಲ, ಆ ಪಟ್ಟಿಯನ್ನು. ಎರಡೂವರೆ ಲಕ್ಷದಲ್ಲಿ ಆ ಒಂದು ಹೆಸರು ಇದೆಯೋ ಇಲ್ಲವೋ ಗೊತ್ತಾಗದ್ದಕ್ಕೆ ದಿನಾ ಸ್ಟೋರಿ ಹಾಕುತ್ತಿದ್ದರು.

ಹೇಳಿ ಅತ್ತರು. ನನಗೂ ಗಂಟಲು ಕಟ್ಟಿತ್ತು.

ದುಡಿದ ಕೈಗೆ ಮರ್ಯಾದೆ ಸಿಗಲಿ ಎಂಬ ಆಸೆ ತಪ್ಪೆಂದು ನಾನು ಎಂದೂ ಹೇಳುವುದಿಲ್ಲ, ಅವರಿಗೂ ಹೇಳಲಿಲ್ಲ. ಆದರೆ ಆ ಆಸೆಯ ಭಾರವನ್ನು ರೊಟ್ಟಿ ವ್ಯಾಪಾರದ ಮೇಲೆ ಹೊರಿಸಿದರೆ ವ್ಯಾಪಾರವೂ ಬಾಗುತ್ತದೆ, ಮನಸ್ಸೂ ಬಾಗುತ್ತದೆ. ರೀಲ್‌ನ ಲೆಕ್ಕಾಚಾರವೇ ಬೇರೆ. ಅದು ಕೊಳ್ಳುವವರನ್ನು ಹುಡುಕುವುದಿಲ್ಲ, ಕೊನೆಯವರೆಗೆ ನೋಡುವವರನ್ನು ಹುಡುಕುತ್ತದೆ. ಹೆಂಚಿನ ಮೇಲೆ ಉಬ್ಬುವ ರೊಟ್ಟಿಯನ್ನು ಗುವಾಹಟಿಯವರೂ ಕಣ್ತುಂಬ ನೋಡುತ್ತಾರೆ. ಬಿಸಿ ರೊಟ್ಟಿ ಕೊಳ್ಳುವವರು ಇರುವುದು ನಾಲ್ಕು ಕಿಲೋಮೀಟರ್ ಒಳಗೆ.

ಹಾಗಾಗಿ ಇಟ್ಟುಕೊಳ್ಳಿ ಎಂದೂ ಹೇಳಲಿಲ್ಲ, ಕಿತ್ತುಹಾಕಿ ಎಂದೂ ಹೇಳಲಿಲ್ಲ. ಮೂರು ತಿಂಗಳ ಮಟ್ಟಿಗೆ ದಿನದ ವಿಡಿಯೊ ನಿಲ್ಲಿಸೋಣ ಎಂದೆ. ವ್ಯಾಪಾರಕ್ಕೆ ಬೇಕಾದದ್ದು ವಾಟ್ಸಾಪ್ ಬಿಸಿನೆಸ್. 2018ರಿಂದ ಇಲ್ಲಿ ಸಿಗುತ್ತಿರುವ ಆ ಆ್ಯಪಿನಲ್ಲಿ ರೊಟ್ಟಿಯ ಬಗೆ, ದರ, ಎಷ್ಟು ಗಂಟೆಯೊಳಗೆ ಹೇಳಬೇಕು ಎಂಬುದನ್ನು ಹಾಕಿಡಿ. ಗೂಗಲ್ ಮ್ಯಾಪಿನಲ್ಲಿ ಮನೆ ಸಿಗುವಂತೆ ಮಾಡಿ. ಎಳ್ಳ ಅಮವಾಸ್ಯೆ, ಸಂಕ್ರಾಂತಿಗೆ ಮೊದಲು ಸಜ್ಜೆ ರೊಟ್ಟಿಗೆ ಹಳೆ ಗಿರಾಕಿಗಳಿಗೆ ಒಂದು ಮೆಸೇಜು ಸಾಕು. ದೂರದ ಊರಿಗೆ ಒಡೆಯದ ಚಟ್ನಿಪುಡಿ ಮಾತ್ರ. ರಾತ್ರಿ ಎಂಟರ ಮೇಲೆ ಫೋನು ಮಗನ ಕೋಣೆಯಲ್ಲಿ. ಹೊಸ ಗಿರಾಕಿ ಬಂದರೆ ಎಲ್ಲಿ ಕೇಳಿ ಬಂದಿರಿ ಎಂದು ವಹಿಯಲ್ಲಿ ಬರೆಯಿರಿ. ಬಿಟ್ಟುಹೋದ ಖಾನಾವಳಿಗೆ ನೀವೇ ಹೋಗಿ ತಪ್ಪಾಯಿತು ಎನ್ನಿ. ನೆಗೆಣ್ಣಿಯ ಮಾತನ್ನು ನಾವಿಬ್ಬರೂ ಇಲ್ಲಿ, ಈ ಕೋಣೆಯಲ್ಲಿ ಆಡೋಣ.

ಮಗನಿಗೆ ಸಿಟ್ಟು ಬಂತು. ಬೆಳೆಯುವ ಬಿಸಿನೆಸ್ಸಿಗೆ ಅಡ್ಡಗಾಲು ಹಾಕಿದಿರಿ ಎಂದು ನನಗೇ ಫೋನು ಮಾಡಿದ. ನನ್ನ ಜೊತೆ ಕೆಲಸ ಮಾಡುವ ಆಪ್ತಸಲಹೆಗಾರರೊಬ್ಬರು, ಇದು ವ್ಯಾಪಾರದ ಸಲಹೆ, ನಮ್ಮ ಕೆಲಸವಲ್ಲ ಎಂದರು. ಅಡುಗೆಮನೆಯೇ ಕಾರ್ಖಾನೆಯಾದ ಮನೆಯಲ್ಲಿ ನಿದ್ದೆ ಒಂದು ಕಡೆ, ಆರ್ಡರ್ ವಹಿ ಇನ್ನೊಂದು ಕಡೆ ಎಂದು ವಿಂಗಡಿಸಲು ನನಗೆ ಬರುವುದಿಲ್ಲ. ಕಾರಣ ಕೇಳದೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದರೆ ಆ ತಾಯಿ ಎರಡು ಗಂಟೆಗೆ ಎದ್ದು, ಉಸಿರಾಡಿ, ಮತ್ತೆ ಪಟ್ಟಿ ನೋಡುತ್ತಿದ್ದರು.

ನಾನು ಸೋಷಿಯಲ್ ಮೀಡಿಯಾದ ವಿರೋಧಿಯೂ ಅಲ್ಲ. ಅದೇ ವರ್ಷ ಗುಳೇದಗುಡ್ಡದ ಖಣ ಮಾರುವ ಹೆಣ್ಣುಮಗಳೊಬ್ಬರಿಗೆ ದಿನಾ ಹಾಕಿ ಎಂದೇ ಹೇಳಿದೆ. ಇಳಕಲ್ ಸೀರೆಯ ಜೊತೆ ಖಣದ ಕುಪ್ಪಸ ತೊಡುವವರು ಊರಲ್ಲಿ ಕಡಿಮೆಯಾಗಿದ್ದಾರೆ. ಖಣದ ಕುರ್ತಾ, ಚೀಲ, ತೋರಣ ಕೇಳುವವರು ಬೆಂಗಳೂರು, ಪುಣೆಗಳಲ್ಲಿ ಇದ್ದಾರೆ. ಬಟ್ಟೆ ಒಡೆಯುವುದಿಲ್ಲ, ಹಳಸುವುದಿಲ್ಲ, ಬಣ್ಣ ನೋಡದೆ ಯಾರೂ ಕೊಳ್ಳುವುದಿಲ್ಲ. ಯಾರು ನೋಡಲಿ ಎಂದು ಕೇಳಿದ್ದಕ್ಕೆ ಆಕೆ ತಡವರಿಸದೆ ಉತ್ತರ ಕೊಟ್ಟರು: "ಗೌರಿ ಹಬ್ಬಕ್ಕ ಮನಿ ಸಿಂಗರಿಸೋರು."

ರೊಟ್ಟಿಯ ಅಕ್ಕ ಕಳೆದ ತಿಂಗಳು ಬಂದಿದ್ದರು. ನಾಲ್ಕೂವರೆವರೆಗೆ ಎಚ್ಚರವಾಗುವುದಿಲ್ಲವಂತೆ. ಖಾನಾವಳಿ ಅರ್ಧ ಮರಳಿದೆ, ರಾತ್ರಿ ಊಟಕ್ಕೆ ಮಾತ್ರ ಇವರ ರೊಟ್ಟಿ. ಒಂದೇ ಒಂದು ವಿಡಿಯೊ ಹಾಕಿದ್ದರು, ಜೊತೆಗೆ ದುಡಿಯುವವರ ಹೆಸರು ಹೇಳಿ. ಒಬ್ಬಾಕೆ ಮುಖ ಬೇಡ ಎಂದದ್ದಕ್ಕೆ ಆಕೆಯ ಕೈ ಮಾತ್ರ ತೋರಿಸಿದ್ದರು.

"ಸ್ಟೋರಿ ಪಟ್ಟಿ ನೋಡಿದಿರೇನ್ರಿ?" ಎಂದು ಕೇಳಿದೆ.

"ಎರಡು ಸಲ ನೋಡೀನ್ರಿ," ಎಂದರು. "ಹಗಲಿನ್ಯಾಗ."